ಬೇಕರಿಯವರು ನಾಟಕ ನೋಡಿದ್ದು

ನಮ್ಮಪ್ಪ ಅಮ್ಮ ಎಲ್ಲಿ ಬೇಕಾದರೂ ನಿದ್ದೆ ಮಾಡಬಲ್ಲರು. ಇದನ್ನು ನಾನು ಹೊಗಳಿಕೆಯಾಗಿ ಹೇಳುತ್ತಿಲ್ಲ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ಮಲಗಿದ್ದಾರೆ. ಮದುವೆ ಮನೆಯಲ್ಲಿ ಐಸ್‌ಕ್ರೀಮಿನ ಕಪ್ಪು ಕೈಯಲ್ಲಿರುವಾಗಲೇ ಮಲಗಿದ್ದಾರೆ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತ ಅಮ್ಮ, ಡಾಕ್ಟರು ಕೈ ತೊಳೆದು ಬರುವಷ್ಟರಲ್ಲಿ ಗೊರಕೆ ಶುರು ಮಾಡಿದ್ದಳು. ಶಾಲೆಯ ಪೋಷಕರ ಸಭೆಯಲ್ಲಿ ಅಪ್ಪ ಕೊನೆಯ ಬೆಂಚಿಗೊರಗಿ ಕಣ್ಣು ಮುಚ್ಚಿದ್ದನ್ನು ನೋಡಿ ಗಣಿತದ ಟೀಚರು, "ಮಗಳು ಯಾರನ್ನ ಹೋಲ್ತಾಳೆ ಅಂತ ಇವತ್ತು ಗೊತ್ತಾಯ್ತು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದರು.

ತಪ್ಪು ಅವರದಲ್ಲ, ಬ್ರೆಡ್ಡಿನದು. ನಮ್ಮದು ಬೇಕರಿ. ಊರೆಲ್ಲ ಇನ್ನೊಂದು ಮಗ್ಗುಲಿಗೆ ಹೊರಳಿ ಮಲಗುವ ಹೊತ್ತಿಗೆ ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ದೀಪ ಹತ್ತುತ್ತದೆ. ಅಪ್ಪ ಮೈದಾ ಮೂಟೆ ಬಿಚ್ಚುತ್ತಾನೆ, ಅಮ್ಮ ಓವನ್ ಹಚ್ಚುತ್ತಾಳೆ. ಜನ ಹಲ್ಲುಜ್ಜಿ ಬರುವಷ್ಟರಲ್ಲಿ ಬ್ರೆಡ್ಡು ಬಿಸಿಬಿಸಿಯಾಗಿ ಕಪಾಟಿನಲ್ಲಿರಬೇಕು. ಹಾಗಾಗಿ ಸೂರ್ಯ ಮುಳುಗುವ ಮುಂಚೆಯೇ ಇವರಿಬ್ಬರ ರೆಪ್ಪೆಗಳು ಅಂಗಡಿಯ ಶಟರಿನ ಹಾಗೆ ಇಳಿದುಬಿಡುತ್ತವೆ. ನನ್ನನ್ನು ಅವರು ಕರೆಯುವುದು ಬನ್ನು ಅಂತ, ನನ್ನ ಕೆನ್ನೆಯ ದೆಸೆಯಿಂದ. ತಮ್ಮ ನನಗಿಂತ ಎರಡು ವರ್ಷ ಚಿಕ್ಕವನು, ಒಣಕಲ. ಅದಕ್ಕೇ ಅವನು ರಸ್ಕು. ಹದಿನಾರು ತುಂಬಿದ ಮೇಲೂ ನಡುಬೀದಿಯಲ್ಲಿ "ಏ ಬನ್ನೂ" ಎಂದು ಕೂಗಿಸಿಕೊಳ್ಳುವವಳ ಕಷ್ಟ ನಿಮಗೆ ಅರ್ಥವಾಗಲಿಕ್ಕಿಲ್ಲ.

ದೊಡ್ಡ ಪಾರ್ಕಿನಲ್ಲಿ ಪ್ರತಿವರ್ಷ ಕಲಾ ಉತ್ಸವ ನಡೆಯುತ್ತದೆ. ಮರಗಳ ಕೆಳಗೆ ಚಿತ್ರಗಳು, ಹುಲ್ಲಿನ ಮೇಲೆ ಸಂಗೀತ, ಸಂಜೆ ಬಯಲು ರಂಗದಲ್ಲಿ ನಾಟಕ. ಈ ವರ್ಷ ನಮ್ಮ ಶಾಲೆಯ ತಂಡಕ್ಕೂ ಕರೆ ಬಂದಿತ್ತು. ಮುಖ್ಯ ಪಾತ್ರ ನನ್ನದು. ಇಲ್ಲಿಯವರೆಗೆ ನನಗೆ ಸಿಕ್ಕಿದ್ದು ಒಂದು ಮರ, ಇಬ್ಬರು ಕಾವಲುಗಾರರು ಮತ್ತು ಕುದುರೆಯ ಹಿಂಭಾಗ. ಅವಷ್ಟನ್ನೂ ಅಪ್ಪ ಅಮ್ಮ ನೋಡಲು ಬಂದಿದ್ದರು, ಬಂದು ನಿದ್ದೆ ಮಾಡಿದ್ದರು. ಕುದುರೆಯ ಹಿಂಭಾಗದ ವಿಷಯದಲ್ಲಿ ನನಗೂ ಅಂಥ ಬೇಜಾರಿರಲಿಲ್ಲ. ಆದರೆ ಈ ಸಲ ಹಾಗಲ್ಲ. ರೈಲು ನಿಲ್ದಾಣದಲ್ಲಿ ಮಗನಿಗಾಗಿ ಕಾಯುತ್ತಾ ಕೂತ ಮುದುಕಿ ನಾನು. ಆರಂಭದಿಂದ ಕೊನೆಯವರೆಗೂ ರಂಗದ ಮೇಲೆ ನಾನೇ.

ಒಂದು ಬೆಳಿಗ್ಗೆ ಅಪ್ಪ ಅಮ್ಮ ತಟ್ಟೆಗಳಿಗೆ ಬೆಣ್ಣೆ ಸವರುತ್ತಿದ್ದಾಗ ಹೋಗಿ ಎದುರಿಗೆ ನಿಂತೆ.

"ಒಂದೇ ಒಂದು ಕೇಳ್ತೀನಿ. ನಾಟಕ ಮುಗಿಯೋವರೆಗೂ ಕಣ್ಣು ಬಿಟ್ಕೊಂಡು ನನ್ನನ್ನ ನೋಡಿ. ಆಗಲ್ಲ ಅಂದ್ರೆ ಬರಲೇಬೇಡಿ."

ಅಪ್ಪ ಅಮ್ಮನ ಮುಖ ನೋಡಿದ. ಅಮ್ಮ ಬೆಣ್ಣೆ ಕೈಯನ್ನು ಸೊಂಟದ ಮೇಲಿಟ್ಟುಕೊಂಡು, "ಬರಲೇಬೇಡಿ ಅಂತೆ! ನೋಡ್ರೀ ಇವಳ ಗತ್ತು! ನಿನ್ನ ಒಂದು ಮಾತೂ ಬಿಡಲ್ಲ ಕಣೇ, ನೋಡ್ತಿರು" ಎಂದಳು.

ನಾನು ನಂಬಲಿಲ್ಲ. ಆದರೆ ನಂಬಬೇಕೆಂಬ ಆಸೆ ಎಷ್ಟಿತ್ತೆಂದರೆ ಆ ವಾರವೆಲ್ಲ ನನಗೇ ನಿದ್ದೆ ಸರಿಯಾಗಿ ಬರಲಿಲ್ಲ.

ಉತ್ಸವದ ದಿನ ಅವರು ಬೆಳಗಿನ ಬ್ರೆಡ್ಡು, ಆಮೇಲೆ ಎರಡು ಹುಟ್ಟುಹಬ್ಬದ ಕೇಕು, ಎಲ್ಲ ಮುಗಿಸಿ, ಅಂಗಡಿ ಮುಚ್ಚಿ, ಒಗೆದ ಬಟ್ಟೆ ಹಾಕಿಕೊಂಡು ಹೊರಟರು. ಮಧ್ಯಾಹ್ನ ಒಂದು ಗಳಿಗೆಯೂ ಒರಗಲು ಬಿಡುವಾಗಿರಲಿಲ್ಲ. ಅಪ್ಪನ ಜೇಬಿನಲ್ಲಿ ಕಾಳುಮೆಣಸು, ನಿದ್ದೆ ಬಂದರೆ ಜಗಿಯಲು. ಅಮ್ಮನ ಚೀಲದಲ್ಲಿ ಒದ್ದೆ ಕರವಸ್ತ್ರ ಮತ್ತು ಒಂದು ಫ್ಲಾಸ್ಕು ಕಡುಕಾಫಿ. ಯುದ್ಧಕ್ಕೆ ಹೊರಟವರ ಹಾಗೆ ಬಸ್ಸು ಹತ್ತಿದರು, ಹತ್ತಿದ ಕೂಡಲೇ ನಿದ್ದೆಹೋದರು.

ಪಾರ್ಕಿನಲ್ಲಿ ಇಳಿದ ಮೇಲೆ ಸ್ವಲ್ಪ ಹೊತ್ತು ಸುತ್ತಾಡಿದೆವು. ದಾರಿಯುದ್ದಕ್ಕೂ ಮಕ್ಕಳು ಬಣ್ಣದ ಸೀಮೆಸುಣ್ಣದಲ್ಲಿ ಮೀನು ಬಿಡಿಸುತ್ತಿದ್ದರು. ಅಪ್ಪ ಒಂದು ಮೀನನ್ನೂ ತುಳಿಯಬಾರದೆಂದು ಕುಂಟಾಬಿಲ್ಲೆ ಆಡುವವನಂತೆ ನಡೆದ. ಮಡಕೆ ಮಾಡುವವಳೊಬ್ಬಳು ಆಗಷ್ಟೇ ಚಕ್ರದಿಂದ ಇಳಿಸಿದ ಬಟ್ಟಲುಗಳನ್ನು ಹಲಗೆಯ ಮೇಲೆ ಜೋಡಿಸಿಟ್ಟಿದ್ದಳು. ನಾನು ನೋಡುತ್ತಿದ್ದ ಹಾಗೆಯೇ ಅಮ್ಮ ಕೈ ಚಾಚಿ, ಉಬ್ಬಿದೆಯೋ ಇಲ್ಲವೋ ಎಂದು ಹಿಟ್ಟನ್ನು ಒತ್ತಿ ನೋಡುವಂತೆ, ಒಂದು ಬಟ್ಟಲನ್ನು ಬೆರಳಿನಿಂದ ಒತ್ತಿದಳು. ಜೇಡಿಮಣ್ಣಿನಲ್ಲಿ ಗುಳಿ ಬಿತ್ತು. ಗುಳಿ ಮೇಲೇಳಲಿಲ್ಲ.

"ಅಯ್ಯೋ! ಕೈ ಸುಮ್ನೆ ಹೋಗ್ಬಿಡ್ತಮ್ಮಾ" ಎಂದು ಅಮ್ಮ ನಾಲಿಗೆ ಕಚ್ಚಿಕೊಂಡಳು. ಮಡಕೆಯವಳು ನಕ್ಕು, "ಇರಲಿ ಬಿಡಿ, ಇದೊಂದು ನಿಮ್ಮದು ಅಂತ ಗುರುತು" ಎಂದಳು. ನನಗೆ ಮಾತ್ರ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ವೇಷ ಹಾಕಿಕೊಳ್ಳುವ ನೆಪ ಹೇಳಿ ಅಲ್ಲಿಂದ ಕಾಲ್ಕಿತ್ತೆ. ತಿರುಗಿ ನೋಡಿದಾಗ ರಸ್ಕು ಅಪ್ಪ ಅಮ್ಮನ ಮಧ್ಯೆ ತಲೆ ತೂರಿಸಿಕೊಂಡು ಏನೋ ಗುಸುಗುಸು ಹೇಳುತ್ತಿದ್ದ.

ಬಯಲು ರಂಗವೆಂದರೆ ಒಂದು ಮರದ ಅಟ್ಟಣೆ, ಮುಂದೆ ಹುಲ್ಲು, ಹುಲ್ಲಿನ ಮೇಲೆ ಮಡಚುವ ಕುರ್ಚಿಗಳು. ಹೊತ್ತು ಇಳಿಯುತ್ತಿತ್ತು, ಆದರೆ ಬೆಳಕು ಇನ್ನೂ ಚೆನ್ನಾಗಿತ್ತು. ತಲೆಗೆ ಬಿಳಿಕೂದಲು ಅಂಟಿಸಿಕೊಂಡು, ಖಾಲಿ ಟ್ರಂಕು ಎಳೆದುಕೊಂಡು ನಾನು ರಂಗಕ್ಕೆ ಬಂದೆ. ಮೊದಲ ಮಾತು ಹೇಳುವ ಮುಂಚೆ ಕಣ್ಣು ತಾನಾಗಿಯೇ ಎರಡನೆಯ ಸಾಲಿಗೆ ಹೋಯಿತು.

ಅಪ್ಪನ ಗಲ್ಲ ಎದೆಗೆ ತಾಗಿತ್ತು.

ನಾಟಕ ಶುರುವೇ ಆಗಿರಲಿಲ್ಲ! ನನ್ನ ಮೈ ಉರಿದುಹೋಯಿತು. ಮುದುಕಿಯ ಮೊದಲ ಮಾತು, "ಈ ರೈಲಿಗೆ ಬಂದೇ ಬರ್ತಾನೆ" ಎಂಬುದು. ಅದನ್ನು ಮಮತೆಯಿಂದ ಹೇಳಬೇಕಿತ್ತು, ನಾನು ಹಲ್ಲು ಕಚ್ಚಿ ಹೇಳಿದೆ. ಪಕ್ಕದಲ್ಲಿ ಅಮ್ಮ ಮೈಯೆಲ್ಲ ಕಣ್ಣಾಗಿ ಕೂತಿದ್ದಳು. ನಾನು ಅತ್ತ ತಿರುಗಿದರೆ ಅತ್ತ, ಇತ್ತ ತಿರುಗಿದರೆ ಇತ್ತ ಅವಳ ತಲೆ ತಿರುಗುತ್ತಿತ್ತು. ತುಟಿ ನನ್ನ ಜೊತೆಗೇ ಅಲ್ಲಾಡುತ್ತಿತ್ತು. ಹೋಗಲಿ, ಒಬ್ಬಳಾದರೂ ನೋಡುತ್ತಿದ್ದಾಳಲ್ಲ ಎಂದುಕೊಂಡೆ.

ನಾಟಕದ ನಡುವೆ ಮುದುಕಿ ಕಾಯುತ್ತಿದ್ದ ರೈಲು ಬರುತ್ತದೆ. ಅದರ ಗುರುತಿಗೆ ನಮ್ಮ ತಂಡದ ಹುಡುಗ ಮರೆಯಲ್ಲಿ ನಿಂತು ದೊಡ್ಡ ಗಂಟೆ ಹೊಡೆಯುತ್ತಾನೆ. ಹೊಡೆದ. ಠಣ್!

"ತೆಗೀ!"

ಅಪ್ಪ ಕುರ್ಚಿಯಿಂದ ಚಿಮ್ಮಿ ನಿಂತಿದ್ದ. ಕಣ್ಣು ತೆರೆದಿತ್ತು, ಎಚ್ಚರ ಇನ್ನೂ ಆಗಿರಲಿಲ್ಲ. ಎರಡೂ ಕೈ ಮುಂದೆ ಚಾಚಿತ್ತು.

"ತೆಗೀ! ಸೀದು ಹೋಗತ್ತೆ, ತೆಗೀ!"

ಇದು ಬೇಕರಿಯವರಿಗೆ ಮಾತ್ರ ಅರ್ಥವಾಗುವ ಕೂಗು. ಓವನ್ನಿನ ಗಂಟೆ ಹೊಡೆದಾಗ ಯಾರು ದೂರ ಇರುತ್ತಾರೋ ಅವರು "ತೆಗಿ" ಎನ್ನಬೇಕು, ಹತ್ತಿರ ಇರುವವರು ತಟ್ಟೆಯನ್ನು ಹೊರಗೆಳೆದು "ತೆಗ್ದೆ" ಎನ್ನಬೇಕು. ಆ ಉತ್ತರ ಕಿವಿಗೆ ಬೀಳುವವರೆಗೆ ಕೂಗು ನಿಲ್ಲುವಂತಿಲ್ಲ. ಹಿಂದೊಮ್ಮೆ ಇವಳು ತೆಗೆದಳೆಂದು ಅವನು, ಅವನು ತೆಗೆದನೆಂದು ಇವಳು ಸುಮ್ಮನಿದ್ದು ಒಂದು ಓವನ್ ಬ್ರೆಡ್ಡು ಇದ್ದಿಲಾಗಿತ್ತಂತೆ. ಅಂದಿನಿಂದ ಇದು ಕಾನೂನು. ಅಮ್ಮ ಅಪ್ಪನ ಅಂಗಿ ಹಿಡಿದು ಜಗ್ಗುತ್ತಿದ್ದಳೇ ಹೊರತು ಉತ್ತರ ಕೊಡಲು ಅವಳಿಗೆ ಹೊಳೆಯಲಿಲ್ಲ, ಅವಳ ಕಣ್ಣು ಇನ್ನೂ ನನ್ನ ಮೇಲೇ ಇತ್ತು. ಜನರೆಲ್ಲ ಕತ್ತು ತಿರುಗಿಸಿದ್ದರು. ನನ್ನ ಮುಂದಿನ ಮಾತು ತಲೆಯಿಂದ ಹಾರಿಹೋಗಿತ್ತು. ಅಪ್ಪ ಮೂರನೆಯ ಸಲ ಕೂಗಲು ಬಾಯಿ ತೆರೆದ.

ಏನು ಮಾಡುತ್ತಿದ್ದೇನೆಂದು ನನಗೇ ತಿಳಿಯಲಿಲ್ಲ. ಮುದುಕಿಯ ದನಿಯಲ್ಲೇ, ಮನೆಯಲ್ಲಿ ಕೂಗುವಷ್ಟೇ ಜೋರಾಗಿ, "ತೆಗ್ದೆ ಕಣಪ್ಪಾ, ತೆಗ್ದೆ! ಏನೂ ಸೀದಿಲ್ಲ, ಕೂತ್ಕೋ!" ಎಂದೆ.

ಅಪ್ಪ ಕೂತುಬಿಟ್ಟ. ಹುಲ್ಲಿನ ಮೇಲೆಲ್ಲ ನಗೆ ಭೋರ್ಗರೆಯಿತು, ಚಪ್ಪಾಳೆ ಬಿತ್ತು. ನಿಲ್ದಾಣದಲ್ಲಿ ಹೀಗೊಬ್ಬ ತಲೆಕೆಟ್ಟ ಪ್ರಯಾಣಿಕ ಇರುವುದು ನಾಟಕದ್ದೇ ಭಾಗ ಎಂದು ಜನ ತಿಳಿದರು. ಆ ನಗೆಯ ಮರೆಯಲ್ಲಿ ನನ್ನ ಮಾತು ನನಗೆ ವಾಪಸ್ಸು ಸಿಕ್ಕಿತು. ರೈಲಿನಿಂದ ಮಗ ಇಳಿಯಲಿಲ್ಲ, ಮುದುಕಿ ಒಬ್ಬೊಬ್ಬರನ್ನೇ ಕೇಳುತ್ತಾ ಹೋದಳು. ಕೇಳುತ್ತಾ ಒಮ್ಮೆ ಎರಡನೆಯ ಸಾಲಿನ ಕಡೆ ನೋಡಿದೆ. ಈಗ ಅಪ್ಪ ಮುಂದಕ್ಕೆ ಬಾಗಿ, ಮೆಣಸು ಜಗಿಯುತ್ತಾ, ನೀರೂರಿದ ಕಣ್ಣು ಅಗಲಿಸಿ ನೋಡುತ್ತಿದ್ದ. ಅಮ್ಮ ಅವನ ಹೆಗಲಿಗೆ ತಲೆಯಿಟ್ಟು ಗಾಢ ನಿದ್ದೆಯಲ್ಲಿದ್ದಳು.

ಕೊನೆಯಲ್ಲಿ ಮುದುಕಿ ಇನ್ನು ಕಾಯುವುದು ಸಾಕೆಂದು ತಾನೇ ರೈಲು ಹತ್ತುತ್ತಾಳೆ. ನಾನು ಟ್ರಂಕು ಎತ್ತುವಾಗ ಅಪ್ಪ ಅರ್ಧ ಎದ್ದಿದ್ದು ಕಾಣಿಸಿತು. ಮುಗಿಯುವ ಮುಂಚೆಯೇ ಹೊರಟನೇ ಎಂದುಕೊಂಡೆ.

ನಾಟಕ ಮುಗಿದ ಮೇಲೆ, ನಾಟಕ ಕಲಿಸಿದ ನಮ್ಮ ಮೇಷ್ಟ್ರು ನನ್ನ ಬೆನ್ನು ತಟ್ಟಿ, "ಆ ಮನುಷ್ಯನ್ನ ಎಲ್ಲಿ ಹಿಡಿದೆ? ಮುಂದಿನ ಸಲಕ್ಕೂ ಹೇಳಿಬಿಡು" ಎಂದರು. ಹೂಂ ಎಂದೆ. ಬಿಳಿಕೂದಲನ್ನೂ ಕೀಳದೆ ಮುಖ ಊದಿಸಿಕೊಂಡು ಅಪ್ಪ ಅಮ್ಮನ ಹತ್ತಿರ ಹೋದೆ. ಇಬ್ಬರೂ ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಹಂಚಿಕೊಂಡು ಕುಡಿಯುತ್ತಿದ್ದರು.

"ಮಾತು ಕೊಟ್ಟಿದ್ರಿ" ಎಂದೆ. "ಒಬ್ಬರು ಆದ ಮೇಲೊಬ್ಬರು ಮಲಗಿದ್ರಿ. ನಾನು ಮೇಲಿಂದ ಎಲ್ಲಾ ನೋಡ್ತಿದ್ದೆ."

"ಮತ್ತೆ? ಒಟ್ಟಿಗೇ ಮಲಗೋಕಾಗತ್ತಾ?" ಎಂದ ಅಪ್ಪ, ಅದರಲ್ಲಿ ತಪ್ಪೇನಿದೆ ಎನ್ನುವ ಹಾಗೆ.

ರಸ್ಕು ನಡುವೆ ಬಾಯಿ ಹಾಕಿದ. "ಅರ್ಧಕ್ಕೆ ಗಂಟೆ ಹೊಡೀತಾರೆ ಅಂತ ನಾನೇ ಹೇಳಿದ್ದು ಕಣೇ. ಗಂಟೆವರೆಗೂ ಅಮ್ಮಂದು, ಆಮೇಲೆ ಅಪ್ಪಂದು ಅಂತ ಪಾಳಿ ಮಾಡ್ಕೊಂಡ್ರು. ಅಪ್ಪ ಹಾಗೆ ಕೂಗ್ತಾನೆ ಅಂತ ಯಾರಿಗೆ ಗೊತ್ತಿತ್ತು?"

"ಇಬ್ಬರೂ ಪೂರ್ತಿ ನೋಡ್ತೀವಿ ಅಂತ ಹಟ ಮಾಡಿದ್ರೆ ಇಬ್ಬರೂ ಅಲ್ಲಲ್ಲಿ ತೂಕಡಿಸಿಬಿಡ್ತೀವಿ" ಎಂದಳು ಅಮ್ಮ. "ಒಂದೇ ಹೊತ್ತಿಗೆ ಇಬ್ಬರಿಗೂ ಕಣ್ಣು ಹತ್ತಿದ್ರೆ? ಆಗ ನೀನು ಹೇಳಿದ್ದು ಯಾರಿಗೂ ಸಿಗದೆ ಹೋಗ್ತಿತ್ತು. ಒಂದು ಮಾತೂ ಬಿಡಲ್ಲ ಅಂದಿದ್ದೆ ತಾನೇ? ಅದಕ್ಕೇ ಹಂಚಿಕೊಂಡ್ವಿ. ನಿಂಗೆ ಜ್ವರ ಬಂದಾಗ್ಲೂ ಹೀಗೇ ಅಲ್ವಾ, ಚಿಕ್ಕಂದಿನಿಂದ?"

ಹೀಗೆಂದವಳೇ ಅಪ್ಪನ ಕಡೆ ತಿರುಗಿ ಮೊದಲರ್ಧ ಒಪ್ಪಿಸತೊಡಗಿದಳು. ನಾನು ಹೇಗೆ ಬಂದೆ, ಟ್ರಂಕನ್ನು ಎಲ್ಲಿಟ್ಟೆ, ಟೀ ಮಾರುವ ಹುಡುಗನಿಗೆ ಏನೆಂದೆ, ಯಾವ ಮಾತಿಗೆ ಜನ ನಕ್ಕರು. "ಮೊದಲನೇ ಮಾತು ಸ್ವಲ್ಪ ಸಿಡುಕಿನಿಂದ ಹೇಳಿದ್ಲು ರೀ, ಆದ್ರೆ ಅದೂ ಚೆನ್ನಾಗೇ ಇತ್ತು. ಕಾದು ಕಾದು ಸಿಟ್ಟು ಬರಲ್ವಾ ಪಾಪ?" ಅಪ್ಪ ಊಟಕ್ಕೆ ಕೂತವನ ಹಾಗೆ ಗಮನವಿಟ್ಟು ಕೇಳಿದ. ಆಮೇಲೆ ಉಳಿದರ್ಧವನ್ನು ಅವನು ಅಮ್ಮನಿಗೆ ಹೇಳಿದ. "ಕೊನೇಲಿ ಪೆಟ್ಟಿಗೆ ಎತ್ತಿದ್ಲು ನೋಡು, ಖಾಲಿ ಪೆಟ್ಟಿಗೆ ಅಂತ ನಂಗೊತ್ತು. ಆದ್ರೂ ಈ ವಯಸ್ಸಲ್ಲಿ ಒಬ್ಬಳೇ ಎತ್ತುತಾಳಲ್ಲಾ ಅಂತ ಹಿಡ್ಕೊಳೋಕೆ ಎದ್ದೇಬಿಟ್ಟಿದ್ದೆ." ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಾನು ನೋಡದ ದೃಶ್ಯಕ್ಕೆ ಅತ್ತಳು.

ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಚಿಕ್ಕಂದಿನಲ್ಲಿ ನಾನು ಯಾವ ಹೊತ್ತಿನಲ್ಲಿ ಎದ್ದು ಕೂಗಿದರೂ ಕತ್ತಲೆಯಿಂದ ಒಂದು ದನಿ "ಏನೇ?" ಎನ್ನುತ್ತಿತ್ತು. ಕೆಲವೊಮ್ಮೆ ಅವನದು, ಕೆಲವೊಮ್ಮೆ ಅವಳದು. ಉತ್ತರ ಬಾರದೇ ಇದ್ದದ್ದು ನನಗೆ ನೆನಪಿಲ್ಲ. ಇಷ್ಟು ವರ್ಷ ನಾನು ನಿದ್ದೆಹೋದವರನ್ನೇ ನೋಡಿಕೊಂಡು ಬಂದಿದ್ದೆ, ಪಕ್ಕದಲ್ಲಿ ಎಚ್ಚರವಿದ್ದವರ ಕಡೆ ತಿರುಗಿರಲಿಲ್ಲ. ಇಂಥ ಇಬ್ಬರು ನನಗೆ ಸಿಕ್ಕಿದರಲ್ಲ ಎಂದು ಎದೆ ತುಂಬಿಬಂತು. ಇಬ್ಬರನ್ನೂ ಒಟ್ಟಿಗೆ ತಬ್ಬಿಕೊಂಡೆ. ಬಿಳಿಕೂದಲು ಅಪ್ಪನ ಬಾಯಿಗೆ ಹೋಗಿ ಅವನು ಥೂ ಥೂ ಎಂದ.

ವಾಪಸ್ಸು ಬರುವಾಗ ಬಸ್ಸಿನ ಹಿಂದಿನ ಉದ್ದ ಸೀಟು ನಮಗೇ ಸಿಕ್ಕಿತು. ಗಂಟೆ ಹೊಡೆದಾಗಿನದನ್ನು ಮಾತ್ರ ಇಬ್ಬರೂ ನೋಡಿದ್ದರಿಂದ ಅದರ ಬಗ್ಗೆ ಜಗಳ ಹತ್ತಿತ್ತು. ಮೂರು ಸಲ ಕೂಗಿದಿರಿ ಎಂದು ಅಮ್ಮ, ಎರಡೇ ಎಂದು ಅಪ್ಪ. ವಾದ ಮಾಡುತ್ತಾ ಮಾಡುತ್ತಾ ಅಮ್ಮನ ತಲೆ ನನ್ನ ಎಡಹೆಗಲಿಗೆ ಬಂತು. ಅಪ್ಪ ಅವಳು ಮಲಗಿದ್ದನ್ನು ಕಂಡು ಕಣ್ಣುಜ್ಜಿಕೊಂಡ, ನೆಟ್ಟಗೆ ಕೂತ, ಮೆಣಸಿಗಾಗಿ ಜೇಬು ತಡಕಿದ. ಜೇಬು ಖಾಲಿಯಾಗಿತ್ತು.

"ಮಲಗು ಅಪ್ಪ" ಎಂದೆ. "ನಾನು ಎದ್ದಿರ್ತೀನಿ."

"ಸ್ಟಾಪು ದಾಟಿ ಹೋದ್ರೆ?"

"ಹೋಗಲ್ಲ. ನಾನು ನೋಡ್ಕೋತೀನಿ."

ಅವನು ಒಂದು ಕ್ಷಣ ನನ್ನ ಮುಖವನ್ನೇ ನೋಡಿದ. ಆಮೇಲೆ ತಲೆಯನ್ನು ನನ್ನ ಬಲಹೆಗಲಿಗಿಟ್ಟು ಕಣ್ಣು ಮುಚ್ಚಿದ. ಇಬ್ಬರ ಕೂದಲಿನಿಂದಲೂ ಬ್ರೆಡ್ಡಿನ ವಾಸನೆ ಬರುತ್ತಿತ್ತು. ನನಗೂ ದಣಿವಾಗಿತ್ತು, ಬಸ್ಸು ತೂಗುತ್ತಿತ್ತು, ಕಣ್ಣು ಎಳೆಯುತ್ತಿತ್ತು. ನಮ್ಮ ಸ್ಟಾಪು ಬರುವವರೆಗೆ ನಾನು ರೆಪ್ಪೆ ಮುಚ್ಚಲಿಲ್ಲ.