ಅರಳಿದ ಹೂವಿನ ಬೆಳ್ಳಿ

ತುಂತುರಿನಲ್ಲಿ ನೆನೆದು ಬಂದ ಪಕ್ಕದ ಮನೆಯ ಥ್ವಾ ನಡುಗುತ್ತ ನಮ್ಮ ಅಡುಗೆಮನೆಯ ಚಾಪೆಯ ಮೇಲೆ ಬಿದ್ದುಕೊಂಡಳು.

"ಮೈಗೆ ಶೀತದ ಗಾಳಿ ಹೊಕ್ಕಿದೆ ಕಣೇ, ನಿಮ್ಮನೆ ಬೆಳ್ಳೀಲಿ ಉಜ್ಜು," ಎಂದಳು ನನ್ನ ಅತ್ತೆಗೆ. "ನಾನು ಸತ್ರೆ ಈ ಓಣೀಲಿ ನಿನ್ ಹತ್ರ ಜಗಳ ಆಡೋಕೆ ಯಾರಿದಾರೆ?"

"ಬಾಯಿಗೇನೂ ಹೊಕ್ಕಿಲ್ಲ," ಎನ್ನುತ್ತ ಅತ್ತೆ ಮೊಟ್ಟೆ ಬೇಯಲು ಇಟ್ಟರು.

ಆ ಬೆಳ್ಳಿ ಅಂದರೆ ಫ್ರೆಂಚರ ಕಾಲದ ನಾಣ್ಯ. ಕುಳಿತ ಹೆಣ್ಣಿನ ತಲೆಯ ಸುತ್ತ ಕಿರಣಗಳು. ನಮ್ಮ ನಾಮ್ ದಿನ್ ಊರಿನಲ್ಲಿ ಎಲ್ಲರೂ ಅದನ್ನು ಅರಳಿದ ಹೂವು ಎನ್ನುತ್ತಾರೆ. ಬೆಂದ ಮೊಟ್ಟೆಯ ಹಳದಿ ತೆಗೆದು, ಅಲ್ಲಿ ನಾಣ್ಯ ಇಟ್ಟು, ಬಟ್ಟೆಯಲ್ಲಿ ಸುತ್ತಿ ಮೈಗೆ ಉಜ್ಜಿದರೆ ಒಳಗಿನ ಗಾಳಿ ಬೆಳ್ಳಿಗೆ ಬರುತ್ತದೆ. ಬೆಳ್ಳಿ ಕಪ್ಪಾಗುತ್ತದೆ. ಆಮೇಲೆ ಬೂದಿಯಲ್ಲಿ ತಿಕ್ಕಿಡಬೇಕು.

ಕಳೆದ ಚಳಿಗಾಲ ನನ್ನ ಗಂಡ ಖಾಂಗ್‌ಗೆ ಉಜ್ಜಿದ್ದು ನಾನೇ. ಮರುದಿನ ಆಸ್ಪತ್ರೆ. ಅಲ್ಲಿಂದ ಅವನು ಮನೆಗೆ ಬರಲಿಲ್ಲ. ನಾಣ್ಯವನ್ನು ನಾನು ತಿಕ್ಕಿಲ್ಲ.

"ಎಲ್ಲಿಟ್ಟೆನೋ ಗೊತ್ತಿಲ್ಲಮ್ಮ," ಎಂದೆ.

"ಅವನ ಫೋಟೋ ಹಿಂದೆ ಇದೆ. ದಿನಾ ಅಲ್ಲಿ ಊದುಬತ್ತಿ ಹಚ್ಚೋಳು ನಾನು ತಾನೇ?" ಅತ್ತೆ ಒಲೆಯಿಂದ ಮುಖ ತಿರುಗಿಸಲಿಲ್ಲ. "ತಿಕ್ಕಿ ತಾ. ಹಳೇ ಕಪ್ಪಿನ ಮೇಲೆ ಇವಳದ್ದು ಕಾಣಲ್ಲ."

ನಾಣ್ಯ ತಂದೆ. ಬೂದಿಯನ್ನೂ ತೆಗೆದುಕೊಂಡೆ. ಹೆಬ್ಬೆರಳು ಆಡಲಿಲ್ಲ.

"ಕೆಮಿಸ್ಟ್ರಿ ಓದಿದೋಳು ಇದನ್ನೆಲ್ಲ ನಂಬ್ತೀಯೇನೇ?" ಥ್ವಾ ಚಾಪೆಯಿಂದಲೇ ಕೆಣಕಿದಳು.

"ಇಲ್ಲ. ಮೊಟ್ಟೆಯಲ್ಲಿ ಗಂಧಕ ಇರುತ್ತೆ. ಅದಕ್ಕೇ ಕಪ್ಪಾಗೋದು."

"ಮತ್ತೆ ತಿಕ್ಕೋಕೇನು ಕಷ್ಟ?"

ನೀರು ಕುದಿಯುತ್ತಿತ್ತು. ಥ್ವಾಳ ಹಲ್ಲು ಕಟಕಟ ಎನ್ನುತ್ತಿತ್ತು.

ತಿಕ್ಕಿದೆ. ಮೊದಲು ಹೆಣ್ಣಿನ ಮಂಡಿ ಬೆಳಗಿತು, ಆಮೇಲೆ ಮುಖ. ಕಿರಣಗಳ ಸಂದಿಯಲ್ಲಿ ಸ್ವಲ್ಪ ಉಳಿಯಿತು. ಅಲ್ಲಿಗೆ ಬೆರಳು ಹೋಗುವುದಿಲ್ಲ.

ಅತ್ತೆ ಥ್ವಾಳ ಬೆನ್ನು, ಹಣೆ, ಅಂಗಾಲು ಉಜ್ಜಿದರು. ಥ್ವಾ ಬೆವತಳು, ಶುಂಠಿ ಗಂಜಿ ಕೇಳಿದಳು, ಉಪ್ಪು ಕಮ್ಮಿ ಎಂದು ಬೈದುಕೊಂಡೇ ಬಟ್ಟಲು ಖಾಲಿ ಮಾಡಿ ಮನೆಗೆ ಹೋದಳು.

ಬಟ್ಟೆ ಬಿಚ್ಚಿದರೆ ನಾಣ್ಯ ಕಪ್ಪಾಗಿತ್ತು. ಅದೇ ಕಪ್ಪು. ಅತ್ತೆ ಅದನ್ನು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ನಾಳೆ ತಿಕ್ಕಿದ್ರಾಯ್ತು, ಬಿಡು," ಎಂದರು.

"ಥ್ವಾಳ ಗಾಳಿ ನಮ್ಮನೇಲಿ ಯಾಕಮ್ಮ?" ಎಂದು ನಾನು ಬೂದಿಗೆ ಕೈ ಹಾಕಿದೆ.