ಸುರೇಂದ್ರ ಉತ್ತರ ಹೇಳಿದ ಭಾನುವಾರ

ವೀಣ ಪಾಂಡವಪುರದ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದಳು. ಇಂದಿನ ಕಾಲದ ಜನರಿಗೆ ಸಂತೋಷ ಎಲ್ಲಿಂದ ಬರುತ್ತದೆ ಎಂಬುದೇ ಅವಳ ಸಂಶೋಧನೆಯ ವಿಷಯ. ಅದು ಒಬ್ಬೊಬ್ಬರ ಮನಸ್ಸಿನೊಳಗೆ ತಾನಾಗಿ ಹುಟ್ಟುವುದಿಲ್ಲ. ಮಾಡುವ ಕೆಲಸ, ಜೊತೆಗಿರುವ ಜನ, ಅವರ ನಡುವೆ ಸಿಗುವ ಬೆಲೆ, ಇವುಗಳಿಂದ ಬೆಳೆಯುತ್ತದೆ ಎಂದು ಅವಳು ಪಾಠ ಮಾಡಿದರೆ ಇಡೀ ತರಗತಿ ಗದ್ದಲವಿಲ್ಲದೆ ಕೇಳುತ್ತಿತ್ತು.

ಗಂಡ ಸುರೇಂದ್ರ ನಾಗಮಂಗಲದ ಬಡಗಿ ಮನೆತನದವನು. ಅಣ್ಣ ಕಾಳಪ್ಪನ ಜೊತೆ ಬಾಗಿಲು, ಕಿಟಕಿ, ದೇವರ ಮಂಟಪ ಮಾಡಿಕೊಂಡಿದ್ದ. ಮೈಯೆಲ್ಲ ಮರದ ಹೊಟ್ಟು ಮೆತ್ತಿಕೊಂಡು ಬರುವ ಗಂಡನನ್ನು ಕಾಲೇಜಿನವರಿಗೆ ಪರಿಚಯಿಸಲು ವೀಣಳಿಗೆ ಮುಜುಗರ. ಮದುವೆಯಾದ ವರ್ಷವೇ ಹಟ ಹಿಡಿದು ಶ್ರೀರಂಗಪಟ್ಟಣದ ಬೈಕ್ ಶೋರೂಮಿಗೆ ಸೇರಿಸಿದಳು. ಅವನು ಬೇಡವೆನ್ನಲಿಲ್ಲ. ಇಸ್ತ್ರಿ ಅಂಗಿ ತೊಟ್ಟು ಬೆಳಿಗ್ಗೆ ಬಸ್ಸು ಹತ್ತುತ್ತಿದ್ದ, ಸಂಜೆ ಬಂದು ಟೀವಿ ಮುಂದೆ ಕೂರುತ್ತಿದ್ದ. ಮನೆಯಲ್ಲಿ ಜಗಳವೇ ಇರಲಿಲ್ಲ. ವೀಣ ಅದನ್ನೇ ನೆಮ್ಮದಿ ಎಂದುಕೊಂಡಿದ್ದಳು.

ಸಂಶೋಧನೆಗಾಗಿ ಕಿಕ್ಕೇರಿ ಕಡೆಯ ಜನರನ್ನು ಮಾತಾಡಿಸಲು ಹೊರಡುವ ಮುಂಚೆ, ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ, ತನ್ನ ಪ್ರಶ್ನೆಗಳು ಸರಿಯಾಗಿವೆಯೇ ನೋಡಲು ಗಂಡನನ್ನೇ ಕೂರಿಸಿಕೊಂಡಳು.

“ನಾನೇ ಸಿಕ್ಕಿದ್ನಾ ನಿಂಗೆ?” ಎಂದು ಅವನು ನಕ್ಕ.

“ಸುಮ್ನೆ ಹೇಳ್ರೀ. ಏನಾದ್ರೂ ಖುಷಿ ವಿಷಯ ಆದ್ರೆ ಮೊದ್ಲು ಯಾರಿಗೆ ಹೇಳ್ಬೇಕು ಅನ್ಸುತ್ತೆ?”

ತನ್ನ ಹೆಸರೇ ಬರುತ್ತದೆಂದು ವೀಣಳ ಮುಖದಲ್ಲಿ ಆಗಲೇ ನಗುವಿತ್ತು. ಸುರೇಂದ್ರ ತನ್ನ ಅಂಗೈ ನೋಡಿಕೊಂಡ.

“ಮೊದ್ಲೆಲ್ಲ ನಿಂಗೆ ಯೋಳ್ಬೇಕು ಅನ್ನುಸ್ತಿತ್ತು ಕಣೆ. ಈಗ ಯೋಳಂಗೆ ಏನೂ ಆಗಕಿಲ್ವಲ್ಲ.”

“ಅಂದ್ರೆ?”

“ಆ ಶೋರೂಮ್ಗೆ ನಾನು ಓದ್ರೂ ಒಂದೇ, ಓಗ್ದಿದ್ರೂ ಒಂದೇ. ಇಲ್ಲೂ ಅಂಗೇ. ನಿನ್ ಮುಂದೆ ಕುಂತ್ರೆ ಯಾರೋ ದೊಡ್ಡೋರ ಮನೆಗೆ ಬಂದಂಗಿರ್ತದೆ.”

“ಒಂದ್ ಮಾತು ಹೇಳ್ಬಾರ್ದಿತ್ತಾ?”

“ನಿನ್ ಕಣ್ಗೆ ನಾನು ಚೆನ್ನಾಗ್ ಕಾಣ್ಬೇಕು ಅಂತ ಸುಮ್ಕಿದ್ದೆ. ಇನ್ನು ಆಗಕಿಲ್ಲ, ಬುಡು.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳೂ ಎದುರಾಡುತ್ತಿದ್ದಳು.

ಆ ವಾರವೇ ಅವನು ಅಣ್ಣನ ಹತ್ತಿರ ಹೋಗಲು ಬಟ್ಟೆ ಜೋಡಿಸಿಕೊಂಡ. ವೀಣ ಬಾಗಿಲಿಗೆ ಅಡ್ಡ ನಿಂತಳು.

“ನಾನೂ ನಾಗಮಂಗಲಕ್ಕೆ ಬರ್ತೀನಿ. ಅಲ್ಲಿಂದ್ಲೇ ಕಾಲೇಜಿಗೆ ಓಡಾಡ್ತೀನಿ.”

“ಬ್ಯಾಡ ವೀಣ. ನೀನು ಬಂದ್ರೆ ನಾನು ತಿರ್ಗ ಇಂಗೇ ಆಗ್ಬುಡ್ತೀನಿ.” ಹಾಗೆನ್ನುವಾಗ ಅವನೂ ಅಳುತ್ತಿದ್ದ.

ಹೋದ ಮೇಲೂ ಅವಳು ಫೋನು ಮಾಡಿದರೆ ಎತ್ತುತ್ತಿದ್ದ, ಊಟ ಆಯಿತೇ ಎಂದು ಕೇಳುತ್ತಿದ್ದ. ವಾಪಸು ಬರುವ ಮಾತು ಮಾತ್ರ ಎತ್ತುತ್ತಿರಲಿಲ್ಲ. ಬೇಸಿಗೆ ರಜೆ ಬಂದಾಗ ವೀಣ ತಡೆಯಲಾರದೆ ನಾಗಮಂಗಲದ ಬಸ್ಸು ಹತ್ತಿದಳು. ಕಾಲು ಹಿಡಿದಾದರೂ ಕರೆತರಬೇಕೆಂದುಕೊಂಡಿದ್ದಳು.

ಕಾಳಪ್ಪನ ಅಂಗಡಿ ರಸ್ತೆಬದಿಯಲ್ಲೇ ಇತ್ತು. ಎದುರುಗಡೆಯ ಎಳನೀರು ಗಾಡಿಯ ಹತ್ತಿರ ನಿಂತು ನೋಡಿದಳು. ಸುರೇಂದ್ರ ಉಳಿ ಹಿಡಿದು ಬಾಗಿಲವಾಡದ ಮೇಲೆ ಬಗ್ಗಿದ್ದ. ಏನೋ ಹೇಳಿದ. ಕೆಲಸದವರೆಲ್ಲ ಗೊಳ್ಳೆಂದರು. ಕಾಳಪ್ಪ, “ಸಾಕು ಸುಮ್ನಿರ್ಲಾ!” ಎಂದು ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಸುರೇಂದ್ರನೂ ಬಾಯ್ತುಂಬ ನಗುತ್ತಿದ್ದ. ಅಂಥ ನಗುವನ್ನು ವೀಣ ಪಾಂಡವಪುರದ ಮನೆಯಲ್ಲಿ ಒಂದು ದಿನವೂ ಕೇಳಿರಲಿಲ್ಲ.

ರಸ್ತೆ ದಾಟಿದರೆ ಆ ನಗು ನಿಲ್ಲುತ್ತದೆಂದು ಅವಳಿಗೆ ಗೊತ್ತಿತ್ತು. ದಾಟಲಿಲ್ಲ. ಬಸ್‌ಸ್ಟ್ಯಾಂಡಿಗೆ ನಡೆದು, ನಿಂತಿದ್ದ ಬಸ್ಸು ಹತ್ತಿದಳು. ಕಂಡಕ್ಟರು ಬಂದು ಎಲ್ಲಿಗೆಂದು ಕೇಳಿದಾಗ, “ಪಾಂಡವಪುರ, ಒಂದೇ ಟಿಕೆಟ್” ಎಂದಳು.