ಸುಗ್ರಾ ಯಾರ ಹೆಂಡತಿ

ಮೈಮೂನಾ ಕರ್ಪೂರ ಬೆರೆಸಿದ ಕೊನೆಯ ನೀರನ್ನು ತಾಯಿಯ ಎಡಭುಜದ ಮೇಲೆ ಸುರಿಯುತ್ತಿದ್ದಾಗ ಹೊರಗಿನಿಂದ ಯಾರೋ ಬಾಗಿಲು ಬಡಿದರು.

"ಯಾರದು?" ಹವ್ವಾ ಮಾಸಿ ಒಳಗಿನಿಂದಲೇ ಗದರಿದಳು. "ಹೆಂಗಸರು ಮಯ್ಯತ್‌ಗೆ ಸ್ನಾನ ಮಾಡಿಸ್ತಿದೀವಿ, ಗೊತ್ತಾಗಲ್ವಾ?"

"ನಾನು ಮೂಸಾ." ಸತ್ತವಳ ತಮ್ಮನ ದನಿ ತಗ್ಗಿತ್ತು. "ಮೈಮೂನಾ, ಕಫನ್ ಉಡಿಸಿದ ಮೇಲೆ ಮುಖ ಮುಚ್ಚಬೇಡಿ ಬೇಟಾ. ಆದಮ್‌ಭಾಯ್ ಬಂದಿದಾರೆ, ಲೆಸ್ಟರ್‌ನಿಂದ. ಕೊನೇ ಸಲ ನೋಡಬೇಕಂತೆ."

ಜಗ್ಗಿನಲ್ಲಿದ್ದ ನೀರೆಲ್ಲ ಮುಗಿದಿದ್ದರೂ ಮೈಮೂನಾ ಅದನ್ನು ಬಗ್ಗಿಸಿಕೊಂಡೇ ನಿಂತಿದ್ದಳು. ಆದಮ್ ಅವಳ ಅಪ್ಪ. ಹತ್ತೊಂಬತ್ತು ವರ್ಷಗಳಿಂದ ಅವನ ಮುಖವನ್ನು ಅವಳು ನೋಡಿರಲಿಲ್ಲ.

"ಬರಲಿ ಬಿಡು," ಎಂದಳು ಮಾಸಿ. ಮಾಸಿ ಎಂದರೆ ತಾಯಿಯ ಒಡಹುಟ್ಟಿದವಳಲ್ಲ, ಅದೇ ಬೀದಿಯವಳು. ಇಂಗ್ಲೆಂಡಿನ ಬ್ಯಾಟ್ಲಿಯ ಆ ಇಳಿಜಾರಿನ ಬೀದಿಗಳಲ್ಲಿ ಯಾವ ಹೆಂಗಸು ಸತ್ತರೂ ಮೀಯಿಸುವವಳು ಅವಳೇ. "ಈಗೇನು ಮಾಡ್ತಾನೆ? ಹೊಡೀತಾನಾ?"

ತಾಯಿ ಸುಗ್ರಾಳ ಕುತ್ತಿಗೆಯ ಕೆಳಗಿನ ಎಲುಬು ಒಂದು ಕಡೆ ಗಂಟಿನಂತೆ ಉಬ್ಬಿಕೊಂಡಿತ್ತು. ಒಂದು ಈದ್‌ನ ಹಿಂದಿನ ದಿನ ಮುರಿದು, ಆಸ್ಪತ್ರೆ ಕಾಣದೆ ತಾನಾಗಿಯೇ ಕೂಡಿಕೊಂಡ ಎಲುಬು. ಮಾಸಿ ಅದನ್ನು ಮೆಲ್ಲಗೆ ಒರೆಸಿದಳು, ಈಗಲೂ ನೋವಾದೀತು ಎನ್ನುವ ಹಾಗೆ. ಆಮೇಲೆ ಇಬ್ಬರೂ ಸೇರಿ ಕೂದಲನ್ನು ಎರಡು ಜಡೆ ಮಾಡಿ ಎದೆಯ ಮೇಲೆ ಇಳಿಬಿಟ್ಟರು. ಅವಳು ದುಡಿಯುತ್ತಿದ್ದ ಹಾಸಿಗೆ ಕಾರ್ಖಾನೆಯ ಹತ್ತಿಯ ದೂಳು ಎಷ್ಟು ತೊಳೆದರೂ ಆ ಕೂದಲಿನಿಂದ ಪೂರ್ತಿ ಹೋಗಿರಲಿಲ್ಲ.

"ನಾನು ಬಿಡಲ್ಲ ಮಾಸಿ," ಎಂದು ಮೈಮೂನಾ ಸೆರಗಿನಂತೆ ಹೊದ್ದಿದ್ದ ದುಪಟ್ಟಾದಲ್ಲಿ ಕೈ ಒರೆಸಿಕೊಂಡು ಹೊರಗೆ ಹೋದಳು.

ಮಸೀದಿಯ ಹಿಂದಿನ ಅಂಗಳದಲ್ಲಿ ಡಿಸೆಂಬರಿನ ಗಾಳಿ ಕೊರೆಯುತ್ತಿತ್ತು. ಗಂಡಸರು ಜೇಬಿನಲ್ಲಿ ಕೈ ಇಟ್ಟುಕೊಂಡು ಗುಂಪಾಗಿ ನಿಂತಿದ್ದರು. ಅಪ್ಪ ಎಲ್ಲಿದ್ದಾನೆಂದು ಅವಳು ನೋಡಲಿಲ್ಲ. ನೇರವಾಗಿ ಮೌಲಾನಾ ಜುನೈದರ ಎದುರಿಗೆ ಹೋದಳು. ಇಲ್ಲೇ ಹುಟ್ಟಿ ಬೆಳೆದ ಹುಡುಗ, ಅವಳಿಗಿಂತ ಚಿಕ್ಕವನು.

"ಮೌಲಾನಾ, ಆ ಮನುಷ್ಯ ನಮ್ಮ ಅಮ್ಮನಿಗೆ ಯಾರೂ ಅಲ್ಲ. ಕೋರ್ಟಿನಲ್ಲಿ ಡಿವೋರ್ಸ್ ಆಗಿ ಎಷ್ಟು ವರ್ಷ ಆಯ್ತು. ನಿನ್ನೆ ಸಾವು ಬರೆಸೋಕೆ ಸರಕಾರಿ ಆಫೀಸಿಗೆ ಹೋದಾಗ ಅಲ್ಲಿನ ಹೆಂಗಸು ಕೂಡ ಅಮ್ಮನನ್ನ ವಿಚ್ಛೇದಿತೆ ಅಂತಲೇ ಬರ್ಕೊಂಡಳು."

ಮೌಲಾನಾ ನೆಲ ನೋಡುತ್ತ ಕೇಳಿದ. "ಮೈಮೂನಾಬೆನ್, ತಪ್ಪು ತಿಳೀಬೇಡಿ. ಆದಮ್ ಸಾಹೇಬರು ಬಾಯಿ ಬಿಟ್ಟು ತಲಾಖ್ ಹೇಳಿದ್ರಾ?"

"ಇಲ್ಲ."

"ಷರಿಯತ್ ಕೌನ್ಸಿಲಿನವರು ನಿಕಾಹ್ ರದ್ದು ಮಾಡಿದ್ರಾ?"

"ಇಲ್ಲ."

"ಹಾಗಾದ್ರೆ ನಾನು ಅವರಿಗೆ ಬೇಡ ಅಂತ ಹೇಗೆ ಹೇಳಲಿ? ಗಂಡನಿಗೆ ಮುಖ ನೋಡೋ ಹಕ್ಕಿದೆ."

*

ಕೋರ್ಟಿನ ಕೆಲಸ ಸಲೀಸಾಗಿ ಮುಗಿದಿತ್ತು. ಲೀಡ್ಸ್‌ನ ನ್ಯಾಯಾಧೀಶೆ ಮೈಮೂನಾ ಮಾಡಿದ ಅನುವಾದವನ್ನು ತಾಳ್ಮೆಯಿಂದ ಕೇಳಿದಳು, ಕೇಸಿಗಾಗಿ ಆಮೇಲೆ ತೆಗೆಸಿದ ಎಲುಬಿನ ಎಕ್ಸ್‌ರೇ ನೋಡಿದಳು, ಆದಮ್ ಇನ್ನು ಆ ಮನೆಯ ಹೊಸ್ತಿಲು ತುಳಿಯಕೂಡದು ಎಂದು ಆಜ್ಞೆ ಮಾಡಿದಳು. ಕೆಲವು ತಿಂಗಳ ಮೇಲೆ ಡಿವೋರ್ಸ್ ಅಂಚೆಯಲ್ಲಿ ಬಂತು. ಆದಮ್ ಅದಕ್ಕೆ ಅಡ್ಡಿ ಮಾಡಿರಲಿಲ್ಲ. ಲಾಯರ್ ತೋರಿಸಿದ ಕಡೆ ಸಹಿ ಹಾಕಿ, "ಗೋರಾ ಸರಕಾರದ ಡಿವೋರ್ಸ್ ತಾನೆ, ತಗೊಳ್ಳಲಿ," ಎಂದಿದ್ದನಂತೆ.

ಆ ದಿನ ಸುಗ್ರಾ ಶೀರಾ ಮಾಡಿ ಬೀದಿಗೆಲ್ಲ ಹಂಚಲು ಹೊರಟಿದ್ದಳು. ಮೂಸಾ ಬಾಗಿಲಲ್ಲೇ ತಡೆದ.

"ಏನಕ್ಕ ಇದು? ಹಬ್ಬಾನಾ?"

"ಬಿಡುಗಡೆ ಆಯ್ತಲ್ಲೋ."

"ಈ ದೇಶದ ಲೆಕ್ಕದಲ್ಲಿ ಆಯ್ತು. ಅಲ್ಲಾಹ್‌ನ ಲೆಕ್ಕದಲ್ಲಿ ನೀನಿನ್ನೂ ಆದಮ್‌ಭಾಯ್ ನಿಕಾಹ್‌ನಲ್ಲೇ ಇದೀಯ. ನಿಮ್ಮ ನಿಕಾಹ್ ಓದಿದ್ದು ಗುಜರಾತಿನಲ್ಲಿ, ನಮ್ಮ ಭರೂಚ್‌ನಲ್ಲಿ, ಲೀಡ್ಸ್‌ನಲ್ಲಲ್ಲ."

ಶೀರಾ ಅಡಿಗೆಮನೆಯಲ್ಲೇ ತಣ್ಣಗಾಯಿತು.

ಆಮೇಲೆ ಕೌನ್ಸಿಲ್. ರೈಲಿನಲ್ಲಿ ದೂರ ಹೋಗಬೇಕಿತ್ತು, ಹಳೆಯ ಶಾಲೆಯೊಂದರ ಮಹಡಿಗೆ. ಮೂವರು ಹಿರಿಯರು ಒಂದು ಉದ್ದನೆಯ ಮೇಜಿನ ಹಿಂದೆ ಕುಳಿತಿದ್ದರು. ಕೆಟ್ಟವರಲ್ಲ. ಒಬ್ಬರು ಸುಗ್ರಾಗೆ ತಾವೇ ಚಹಾ ತರಿಸಿಕೊಟ್ಟರು. ಕೌನ್ಸಿಲ್ ಕಾಗದ ಕಳಿಸಿದಾಗಲೆಲ್ಲ ಆದಮ್ ಒಂದೇ ಉತ್ತರ ಕೊಟ್ಟಿದ್ದ: "ನಾನು ಬಿಡಲ್ಲ. ಅವಳು ಮನೆಗೆ ಬರಲಿ."

"ರದ್ದು ಮಾಡೋ ಮೊದಲು ಗಂಡ ಹೆಂಡತಿನ ಎದುರುಬದುರು ಕೂರಿಸಿ ರಾಜಿಗೆ ನೋಡಬೇಕಮ್ಮ, ಅದು ನಿಯಮ," ಎಂದರು ಚಹಾ ತರಿಸಿದವರು. "ಮುಂದಿನ ತಿಂಗಳು ಇಬ್ಬರೂ ಬನ್ನಿ."

"ಅವರು ನನ್ನ ಹತ್ರ ಬರಕೂಡದು ಅಂತ ಕೋರ್ಟ್ ಹೇಳಿದೆ," ಎಂದಳು ಸುಗ್ರಾ. "ಅವರ ಹತ್ರ ಕೂತ್ರೆ ಮಾತ್ರ ಆಗುತ್ತೆ ಅಂತ ನೀವು ಹೇಳ್ತೀರಿ. ನಾನು ಯಾರ ಮಾತು ಕೇಳಲಿ?"

"ಅದು ಅವರ ಕೋರ್ಟು. ಇದು ನಮ್ಮದು."

"ನಾನು ಮಾತ್ರ ಒಬ್ಬಳೇ ಇರೋದು, ಮೌಲಾನಾ."

ಆ ಮುಂದಿನ ತಿಂಗಳು ಸುಗ್ರಾ ಹೋದಳು. ಮಹಡಿಯ ಮೆಟ್ಟಿಲ ಕೆಳಗೆ ನಿಂತಾಗ ಮೇಲಿನಿಂದ ಆದಮ್ ಕೆಮ್ಮಿದ್ದು ಕೇಳಿಸಿತು. ಅವಳು ಬಾಗಿಲ ಕಡೆ ತಿರುಗಿದಳು. ಆಗ ಹತ್ತೊಂಬತ್ತರ ಹರೆಯದ ಮೈಮೂನಾ ತಾಯಿಯನ್ನು ತಬ್ಬಿ ಹಿಡಿದುಕೊಂಡೇ ಸ್ಟೇಷನ್ನಿಗೆ ವಾಪಸು ನಡೆಸಿದಳು. ಅರ್ಜಿದಾರಳು ಹಾಜರಾಗಲಿಲ್ಲ ಎಂದು ಕೌನ್ಸಿಲ್ ಅರ್ಜಿಯನ್ನು ಮುಚ್ಚಿತು.

ಆದಮ್ ಮಾತ್ರ ಅದೇ ವರ್ಷ ಲೆಸ್ಟರ್‌ನಲ್ಲಿ ಇನ್ನೊಂದು ಮದುವೆಯಾದ. ಕೋರ್ಟಿನ ಕಣ್ಣಿಗೆ ಅವನು ಹೆಂಡತಿಯಿಲ್ಲದವನು, ಮೌಲಾನಾಗಳ ಕಣ್ಣಿಗೆ ಇನ್ನೂ ಮೂವರಿಗೆ ಅವಕಾಶವಿದ್ದವನು. ಯಾರೂ ಅವನನ್ನು ಏನೂ ಕೇಳಲಿಲ್ಲ.

*

"ಅವನು ಕೋರ್ಟಿನ ಡಿವೋರ್ಸ್‌ಗೆ ಸಹಿ ಹಾಕಿದಾನೆ," ಎಂದಳು ಮೈಮೂನಾ. "ಮನಸಾರೆ ಹಾಕಿದಾನೆ. ಅದೂ ಲೆಕ್ಕಕ್ಕಿಲ್ವಾ?"

ಮೌಲಾನಾ ಜುನೈದ್ ಮೊದಲ ಸಲ ತಲೆಯೆತ್ತಿ ನೋಡಿದ. "ಸಹಿ ಹಾಕಿದ್ರಾ? ಯಾರೂ ಬಲವಂತ ಮಾಡದೆ?"

"ಹೌದು. ಯಾಕೆ?"

ಅವನು ಗಡ್ಡ ಸವರಿಕೊಂಡ. ಹೇಳಲೋ ಬೇಡವೋ ಎಂದು ಹೊಯ್ದಾಡುತ್ತಿದ್ದ. "ಗಂಡ ತಾನಾಗಿ ಒಪ್ಪಿ ಸಹಿ ಹಾಕಿದ್ರೆ ಅದನ್ನೇ ತಲಾಖ್ ಅಂತ ಎಣಿಸೋ ಉಲೇಮಾಗಳಿದಾರೆ ಬೆನ್. ಎಲ್ಲರೂ ಒಪ್ಪಲ್ಲ. ನಾನಾಗಿದ್ರೆ... ನನ್ನ ಹತ್ರ ನಿಮ್ಮ ತಾಯಿ ಬಂದು ಕೇಳಿದ್ದಿದ್ರೆ ಬಹುಶಃ ಒಪ್ತಿದ್ದೆ."

"ಅಂದ್ರೆ ಅಮ್ಮನಿಗೆ ಅವತ್ತೇ ಬಿಡುಗಡೆ ಆಗಿತ್ತಾ?"

"ಆಗಿರಬಹುದು. ಯಾರಾದ್ರೂ ತೀರ್ಪು ಕೊಟ್ಟಿದ್ರೆ."

"ಈಗ ಕೊಡಿ. ಈಗಲೇ ಹೇಳಿ. ಇಷ್ಟು ಜನರ ಎದುರಿಗೆ ಹೇಳಿ."

"ಸತ್ತವರ ಮೇಲೆ ಅಂಗಳದಲ್ಲಿ ನಿಂತು ಹೇಗೆ ತೀರ್ಪು ಹೇಳಲಿ? ಒಬ್ಬರನ್ನೇ ಕೇಳಿ ಹೇಳೋ ವಿಷಯಾನಾ?" ಅವನ ದನಿಯಲ್ಲಿ ನಿಜವಾದ ಸಂಕಟವಿತ್ತು. "ಯಾರೂ ಬಿಚ್ಚದಿದ್ದ ಗಂಟು ಗಂಟಾಗಿಯೇ ಇರುತ್ತೆ ಬೆನ್. ಮಧ್ಯಾಹ್ನದ ಜುಹರ್ ನಮಾಜ್ ಮುಗಿದ ತಕ್ಷಣ ಜನಾಜಾ. ಹೊತ್ತಾಗ್ತಿದೆ."

ಗುಂಪಿನಿಂದ ದೂರ, ಸೈಕಲ್ ನಿಲ್ಲಿಸುವ ಕಂಬಿಗಳ ಹತ್ತಿರ ಹಾರೂನ್ ನಿಂತಿದ್ದ. ಎತ್ತರದ ಆಳು, ಈಗ ಬಾಗಿದ ಬೆನ್ನು. ಸುಗ್ರಾಳ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವನು. ಬೆಳಗಿನಿಂದಲೂ ಅಲ್ಲೇ ನಿಂತಿದ್ದನೆಂದು ಅವನ ನೀಲಿಗಟ್ಟಿದ ತುಟಿ ಹೇಳುತ್ತಿತ್ತು.

"ಅವರು?" ಎಂದಳು ಮೈಮೂನಾ. "ಹಾರೂನ್‌ಭಾಯ್ ಅಮ್ಮನ ಮುಖ ನೋಡಬಹುದಾ?"

ಮೌಲಾನಾ ಅತ್ತ ನೋಡಿದ. "ಅವರು ನಿಮ್ಮ ತಾಯಿಗೆ ಏನಾಗಬೇಕು?"

ಯಾವ ಭಾಷೆಯಲ್ಲಿ ಹುಡುಕಿದರೂ ಆ ಪ್ರಶ್ನೆಗೆ ಮೈಮೂನಾಗೊಂದು ಮಾತು ಸಿಗಲಿಲ್ಲ.

"ಏನೂ ಆಗಬೇಕಿಲ್ಲ," ಎಂದಳು.

*

ಹಾರೂನ್ ಹೆಂಡತಿ ಸತ್ತವನು. ಊಟದ ಬಿಡುವಿನಲ್ಲಿ ಸುಗ್ರಾ ತನ್ನ ಡಬ್ಬಿಯಿಂದ ಅರ್ಧ ರೊಟ್ಟಿ ಅವನ ಕಡೆ ತಳ್ಳುತ್ತಿದ್ದಳು, ಅವನು ಅವಳ ಹೊಲಿಗೆ ಯಂತ್ರದ ಸೂಜಿ ಮುರಿದಾಗ ಮೇಸ್ತ್ರಿಗೆ ಹೇಳದೆ ಹಾಕಿಕೊಡುತ್ತಿದ್ದ. ಅದರಾಚೆಗೆ ಯಾರೂ ಬೆರಳು ತೋರಿಸುವಂಥದ್ದು ನಡೆಯಲಿಲ್ಲ. ಕೊನೆಗೆ ಅವನು ಹವ್ವಾ ಮಾಸಿಯ ಮೂಲಕ ಮದುವೆಗೆ ಕೇಳಿಸಿದ. ಮಾಸಿಯ ಅಡಿಗೆಮನೆಯಲ್ಲೇ ಮಾತಾಯಿತು, ಮೈಮೂನಾಳೂ ಇದ್ದಳು.

"ಇನ್ನೊಬ್ಬರ ನಿಕಾಹ್‌ನಲ್ಲಿರೋಳು ನಾನು, ಹಾರೂನ್‌ಭಾಯ್."

"ಟೌನ್ ಹಾಲಿಗೆ ಹೋಗೋಣ," ಎಂದ ಹಾರೂನ್. ಸಿದ್ಧ ಮಾಡಿಕೊಂಡು ಬಂದ ಮಾತು, ಬೇಗ ಬೇಗ ಹೇಳಿದ. "ಸರಕಾರದ ಲೆಕ್ಕದಲ್ಲಿ ನಿಮಗೆ ಯಾವ ತಡೆಯೂ ಇಲ್ಲ. ಅಲ್ಲಿ ಸಹಿ ಹಾಕೋಣ. ಮಿಕ್ಕಿದ್ದು ಅಲ್ಲಾಹ್‌ಗೆ ಗೊತ್ತು."

"ಸಹಿ ಹಾಕಬಹುದು. ಆದರೆ ರಾತ್ರಿ ನಿಮ್ಮ ಪಕ್ಕ ಮಲಗಿದ್ದು, ಬೆಳಿಗ್ಗೆ ಎದ್ದು ನಮಾಜಿಗೆ ಹೇಗೆ ನಿಲ್ಲಲಿ? ನೀವೇ ಹೇಳಿ. ನೀವು ಹೇಗೆ ನಿಲ್ತೀರಿ?"

ಹಾರೂನ್ ಕೂಡ ಐದು ಹೊತ್ತು ನಿಲ್ಲುವವನೇ.

"ಭಾಯ್ ಅಂತ ಕರೆದು ಕರೆದು ಸಾಯಿಸು ಅವನನ್ನ," ಎಂದು ಮಾಸಿ ಪಾತ್ರೆ ಕುಕ್ಕಿದಳು. "ಆ ಲೆಸ್ಟರಿನವನು ಎರಡನೇ ಮನೇಲಿ ಮೂರು ಮಕ್ಕಳನ್ನ ಮಾಡ್ಕೊಂಡ. ಇವಳು ಇಲ್ಲಿ ಅವನ ಹೆಸರು ಕಾಯ್ತಾ ಕೂತಿದಾಳೆ."

ಬೇರೆ ಊರಿನ ಕೌನ್ಸಿಲಿಗೆ ಹೋಗೋಣ, ಅಲ್ಲಿ ಬೇಗ ಕೊಡ್ತಾರಂತೆ ಎಂದು ಮೈಮೂನಾ ಎಷ್ಟೋ ಸಲ ಹೇಳಿದ್ದಳು. "ಅಲ್ಲಿ ಕೊಟ್ಟಿದ್ದನ್ನ ಇಲ್ಲಿ ಒಪ್ಪಲ್ಲ," ಎನ್ನುತ್ತಿದ್ದಳು ತಾಯಿ. "ಊರೂರು ತಿರುಗಿ ತನಗೆ ಬೇಕಾದ ತೀರ್ಪು ಹೆಕ್ಕಿಕೊಂಡು ಬಂದಳು ಅಂತಾರೆ. ನಿನ್ನ ಮಾವ ಜೊತೆಗೆ ಬಂದ್ರೆ ಹೋಗ್ತೀನಿ." ಮೂಸಾ ಹೋಗಲಿಲ್ಲ. ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದ. ಈ ವಾರ ಹೊಲಿಗೆ ಯಂತ್ರದ ಮುಂದೆಯೇ ಸುಗ್ರಾಳ ಕೈ ಸೋತು ತಲೆ ವಾಲಿತು. ಮೊದಲು ಓಡಿ ಬಂದು ಅವಳನ್ನು ಹಿಡಿದವನು ಹಾರೂನ್. ಅವಳನ್ನು ಅವನು ಮುಟ್ಟಿದ್ದು ಅದೊಂದೇ ಸಲ.

*

ಮೂಸಾನ ಹಿಂದೆ ಆದಮ್ ಕೋಲೂರಿಕೊಂಡು ಒಳಗೆ ಬಂದ. ಮೈಮೂನಾ ನೆನಪಿಟ್ಟುಕೊಂಡಿದ್ದ ಅಗಲವಾದ ಭುಜಗಳು ಎಲ್ಲೂ ಇರಲಿಲ್ಲ. ಹಲ್ಲುಕಟ್ಟು ಸಡಿಲವಾದ ಒಬ್ಬ ಮುದುಕನಿದ್ದ. ಬಿಳಿ ಬಟ್ಟೆಯ ನಡುವಿನ ಮುಖವನ್ನು ನೋಡಿ ಅವನು ಅತ್ತ. ನಾಟಕವಲ್ಲ, ನಿಜವಾಗಿಯೇ ಅತ್ತ. ಅದು ಮೈಮೂನಾಗೆ ಇನ್ನೂ ಕಷ್ಟವಾಯಿತು.

"ಸುಗ್ರಾ," ಎಂದ. "ನಿನ್ನನ್ನ ಮಾಫ್ ಮಾಡಿದೀನಿ. ಎಲ್ಲಾ ಮಾಫ್."

"ಅವಳು?" ಎಂದಳು ಹವ್ವಾ ಮಾಸಿ. "ಅವಳು ಮಾಡಿದಾಳಾ ಅಂತ ಕೇಳಿದೆಯಾ ಆದಮ್‌ಭಾಯ್?"

"ಮಾಸಿ!" ಎಂದು ಮೂಸಾ ಗದರಿದ. "ಮಯ್ಯತ್ ಎದುರಿಗೆ!"

"ಮಯ್ಯತ್ ಎದುರಿಗಲ್ಲದೆ ಇನ್ನೆಲ್ಲಿ? ಇವಳು ಬದುಕಿದ್ದಾಗ ನಿಮಗ್ಯಾರಿಗೂ ಪುರುಸೊತ್ತಿರಲಿಲ್ಲ."

ಆದಮ್ ಮೂಗು ಒರೆಸಿಕೊಂಡು, ಮಗಳ ತಲೆಯ ಮೇಲೆ ಕೈ ಇಡಲು ಬಂದ. ಅವಳು ಸರಿದಳು. ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತು ಇಳಿಯಿತು. ಮಾಸಿ ಕಫನ್ನಿನ ತುದಿ ಎಳೆದು ಮುಖ ಮುಚ್ಚಿ ಗಂಟು ಹಾಕಿದಳು.

ಗಂಡಸರು ಪೆಟ್ಟಿಗೆ ಎತ್ತಿಕೊಂಡು ಹೋದರು. ಹೆಂಗಸರು ಖಬರಸ್ತಾನಕ್ಕೆ ಹೋಗುವ ರೂಢಿ ಇರಲಿಲ್ಲ. ಯಾರು ಮುಂದೆ ಹೆಗಲು ಕೊಟ್ಟರು, ಯಾರು ಗುಂಡಿಗೆ ಇಳಿದರು ಎಂಬುದನ್ನು ಮೈಮೂನಾ ನೋಡಲಿಲ್ಲ. ಕೇಳಲೂ ಇಲ್ಲ.

ಅವರು ವಾಪಸು ಬಂದಾಗ ನಾಲ್ಕು ಗಂಟೆಗೇ ಕತ್ತಲಾಗುತ್ತಿತ್ತು. ನೆರೆಯವರು ಖಿಚಡಿ, ಕಢಿ ತಂದಿಟ್ಟಿದ್ದರು. ಮೂಸಾ ಆದಮ್‌ನ ತೋಳು ಹಿಡಿದು, ಸುಗ್ರಾಳ ಮನೆಯ ಹೊಸ್ತಿಲು ದಾಟಿಸಿ, ಮುಂದಿನ ಕೋಣೆಯ ಸೋಫಾದಲ್ಲಿ ಕೂರಿಸಿದ. ಕೋರ್ಟಿನ ಆಜ್ಞೆಯ ಅವಧಿ ಎಂದೋ ಮುಗಿದಿತ್ತು. ಅದನ್ನು ಮುಂದುವರಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಮೈಮೂನಾ ಅಡಿಗೆಮನೆಯಲ್ಲಿ ಹೆಂಗಸರ ಜೊತೆ ತಟ್ಟೆ ಜೋಡಿಸುತ್ತಿದ್ದಳು. ಅರೆತೆರೆದ ಬಾಗಿಲಿನಿಂದ ಗಂಡಸರ ಸಾಲು ಕಾಣುತ್ತಿತ್ತು. ಒಬ್ಬೊಬ್ಬರಾಗಿ ಬಂದು ಆದಮ್‌ನನ್ನು ತಬ್ಬಿ, ಅಲ್ಲಾಹ್ ಸಬರ್ ಕೊಡಲಿ, ತಾಳಿಕೊಳ್ಳುವ ಶಕ್ತಿ ಕೊಡಲಿ ಎಂದು ಹೇಳಿ ಹೋಗುತ್ತಿದ್ದರು. ಸಾಲಿನ ಕೊನೆಗೆ ಹಾರೂನ್. ಅವನ ಷೂಗಳಿಗೆ ಖಬರಸ್ತಾನದ ಕೆಂಪುಮಣ್ಣು ಮೆತ್ತಿತ್ತು. ಬಾಗಿಲಲ್ಲಿ ಬಿಚ್ಚಿಟ್ಟು ಬಂದ.

ಹೋಗಬೇಡಿ ಎಂದು ಮೈಮೂನಾ ಕೂಗಬೇಕೆಂದುಕೊಂಡಳು. ಅಷ್ಟರಲ್ಲಿ ಅವನು ಬಗ್ಗಿ ಆದಮ್‌ನನ್ನು ತಬ್ಬಿಕೊಂಡಾಗಿತ್ತು.

"ಅಲ್ಲಾಹ್ ನಿಮಗೆ ಸಬರ್ ಕೊಡಲಿ."

"ಆಮೀನ್, ಆಮೀನ್," ಎಂದ ಆದಮ್. ಮೇಲೆ ನೋಡಿ ಕಣ್ಣು ಕಿರಿದು ಮಾಡಿದ. "ನಿಮ್ಮ ಗುರುತು ಸಿಗಲಿಲ್ಲ. ನಮ್ಮ ಸುಗ್ರಾ ನಿಮಗೆ ಪರಿಚಯವಾ?"

"ಒಂದೇ ಕಾರ್ಖಾನೆ," ಎಂದ ಹಾರೂನ್.

"ಹೂಂ. ಒಳ್ಳೇ ಹೆಂಗಸು. ಹಟ ಸ್ವಲ್ಪ ಜಾಸ್ತಿ. ಕೂತ್ಕೊಳ್ಳಿ, ಊಟ ಮಾಡ್ಕೊಂಡು ಹೋಗಿ."

"ಇಲ್ಲ, ಬರ್ತೀನಿ."

ಮೈಮೂನಾ ಹಿಂದಿನ ಮೆಟ್ಟಿಲು ಹತ್ತಿ ತಾಯಿಯ ಕೋಣೆಗೆ ಹೋಗಿ ಕಿಟಕಿಗೆ ಹಣೆ ಒತ್ತಿ ನಿಂತಳು. ಕೆಳಗೆ ಹಾರೂನ್ ಷೂ ಹಾಕಿಕೊಂಡು ಗೇಟಿನ ತನಕ ಹೋದವನು ನಿಂತ. ಬೀದಿಯುದ್ದಕ್ಕೂ ಬೇರೆಲ್ಲರ ಮನೆಯ ಮುಂದೆ ನಾಳೆಯ ಕಸದ ಗಾಡಿಗಾಗಿ ಗಾಲಿಯ ತೊಟ್ಟಿಗಳು ಆಗಲೇ ಬಂದು ನಿಂತಿದ್ದವು. ಅವನು ತಿರುಗಿ ಮನೆಯ ಪಕ್ಕದ ಓಣಿಗೆ ಹೋಗಿ, ಸುಗ್ರಾಳ ತೊಟ್ಟಿಯನ್ನು ಗಾಲಿಯ ಸದ್ದಾಗದಂತೆ ಎತ್ತಿ ಹಿಡಿದು ತಂದು ರಸ್ತೆಯಂಚಿಗೆ ಇಟ್ಟ. ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಅದನ್ನು ಅಂಗೈಯಿಂದ ಒತ್ತಿ, ಕೈಯನ್ನು ಅಲ್ಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತ. ಆಮೇಲೆ ಕಾಲರ್ ಮೇಲೆತ್ತಿಕೊಂಡು ಇಳಿಜಾರಿನಲ್ಲಿ ಇಳಿದು ಹೋದ.